ಪೇಟೆಯವರು ಕೊಟ್ಟ ಹತ್ತಿರ

ನಮ್ಮೂರಿನ ಬಸ್ಸು ಕಲ್ಲುಗುಡ್ಡೆಗೆ ಹೋಗುವುದನ್ನು ನೋಡಿದವರು ಡ್ರೈವರನ್ನು ಹೊಗಳುತ್ತಾರೆ, ಇಂಜಿನಿಯರನ್ನು ಹೊಗಳುತ್ತಾರೆ, ಉದ್ಘಾಟನೆಗೆ ಬಂದು ಟೇಪು ಕತ್ತರಿಸಿ ಹೋದವರನ್ನೂ ಹೊಗಳುತ್ತಾರೆ. ಹೊಗಳಲಿ, ನನಗೇನೂ ಹೊಟ್ಟೆಕಿಚ್ಚಿಲ್ಲ. ಆದರೆ ಆ ಬಸ್ಸು ಓಡುತ್ತಿರುವುದು ನಮ್ಮ ಪೇಟೆ ವಾರ್ಡಿನವರು ಕೊಟ್ಟದ್ದರ ಮೇಲೆ. ಆಗ ವಾರ್ಡಿನ ಸದಸ್ಯೆ ನಾನೇ, ಅಂಬುಜಮ್ಮ. ಕೊಟ್ಟದ್ದನ್ನು ಹೇಳಿಕೊಳ್ಳಬಾರದು ಎನ್ನುತ್ತಾರೆ ದೊಡ್ಡವರು. ಹೇಳಿಕೊಳ್ಳದೆ ಇರುವಷ್ಟು ದೊಡ್ಡವಳು ನಾನಲ್ಲ.

ನಮ್ಮದು ಬೆಳೆಯುವ ಊರು. ಮನೆಗಳು ಹೆಚ್ಚಾಗುವುದು, ಜನ ಬಂದು ತುಂಬಿಕೊಳ್ಳುವುದು ಎಲ್ಲ ಊರುಗಳಲ್ಲೂ ಇದ್ದದ್ದೇ. ನಮ್ಮಲ್ಲಿ ನೆಲವೇ ಬೆಳೆಯುತ್ತದೆ. ಎಲೆಅಡಿಕೆ ಹಾಕಿಕೊಂಡು ಹೊರಟರೆ ಬಾಯಿ ಕೆಂಪಾಗುವಷ್ಟರಲ್ಲಿ ತಲುಪುತ್ತಿದ್ದ ಜಾಗಕ್ಕೆ ಮುಂದಿನ ವರ್ಷ ದಾರಿಯಲ್ಲಿ ಇನ್ನೊಂದು ಸಲ ಎಲೆ ಮಡಿಸಬೇಕಾಗುತ್ತದೆ. ಪೇಟೆ, ಕೋಟೆಯಂಥ ಹಳೆಯ ವಾರ್ಡುಗಳಲ್ಲಿ ಈ ಬೆಳವಣಿಗೆ ಕಡಿಮೆ, ಅಂಚಿನಲ್ಲಿ ವಿಪರೀತ. ಕಲ್ಲುಗುಡ್ಡೆ ಇರುವುದು ಅಂಚಿನಲ್ಲಿ. ಗಾರ್ಮೆಂಟ್ಸಿಗೆ ಬರುವ ಹೆಣ್ಣುಮಕ್ಕಳು, ಗಾರೆ ಕೆಲಸದವರು, ಮಾರ್ಕೆಟ್ಟಿನಲ್ಲಿ ಮೂಟೆ ಹೊರುವವರು ಎಲ್ಲ ಅಲ್ಲಿಯವರೇ. ಕೋಳಿ ಕೂಗುವುದಕ್ಕೂ ಮೊದಲು ಎದ್ದು ನಡೆಯುವುದು ಅವರಿಗೆ ರೂಢಿಯಾಗಿ ಹೋಗಿತ್ತು.

ಒಂದು ಬಸ್ಸು ಬಿಡುವುದಕ್ಕೆ ಏನು ಕಷ್ಟ ಎಂದು ಹೊರಗಿನವರು ಕೇಳುತ್ತಾರೆ. ಬಸ್ಸಿಗೆ, ಡಾಂಬರಿಗೆ, ಸೇತುವೆಗೆ ಖಜಾನೆಯಲ್ಲಿ ಹಣ ಇತ್ತು, ಅದು ಯಾವತ್ತೂ ತೊಂದರೆಯಾಗಿರಲಿಲ್ಲ. ಆದರೆ ನಮ್ಮಲ್ಲಿ ರಸ್ತೆಯನ್ನು ಎಷ್ಟೇ ನುಣ್ಣಗೆ ಮಾಡಿದರೂ, ಯಾರಾದರೂ ತಮ್ಮ ಹತ್ತಿರವನ್ನು ಬಿಟ್ಟುಕೊಡದೆ ಇನ್ನೊಬ್ಬರ ದೂರ ಕಡಿಮೆಯಾಗುವುದಿಲ್ಲ. ಬಿಟ್ಟುಕೊಡುವ ಕ್ರಮವೇನೋ ಸುಲಭ. ಹೊಸ್ತಿಲ ಮೇಲೆ ನಿಂತು, ನಿಮಗೆ ಹತ್ತಿರವಿರುವ ಒಂದು ಜಾಗದ ಹೆಸರು ಹೇಳಿ, ‘ಬಿಟ್ಟೆ’ ಎಂದು ಒಂದು ಚೊಂಬು ನೀರನ್ನು ಹೊರಗೆ ಸುರಿಯಬೇಕು. ಮಾರನೆಯ ದಿನದಿಂದ ಆ ಜಾಗ ನಿಮಗೆ ದೂರ. ನಿಮಗೆ ಮಾತ್ರ, ಪಕ್ಕದ ಮನೆಯವರಿಗೆ ಮೊದಲಿನಂತೆಯೇ. ಸುರಿದ ನೀರು ತಿರುಗಿ ಚೊಂಬಿಗೆ ಬರುವುದಿಲ್ಲ ಎನ್ನುವುದು ಇಲ್ಲಿ ಎಳೆ ಮಕ್ಕಳಿಗೂ ಗೊತ್ತು.

ಸಾರಿಗೆ ಮಂಡಳಿಯವರು ಕಲ್ಲುಗುಡ್ಡೆ ಲೈನಿಗಾಗಿ ಹಳೆಯ ವಾರ್ಡುಗಳೆಲ್ಲ ಹತ್ತಿರ ಕೊಡಬೇಕೆಂದು ಕೇಳಿದರು. ಕೋಟೆಯವರು ಮೊದಲು ಕೊಟ್ಟರು. ಕೊಟ್ಟು ಸುಮ್ಮನಿದ್ದರೆ? ಬ್ಯಾಂಡು ಬಾರಿಸಿಕೊಂಡು ನಮ್ಮ ಪೇಟೆ ಬೀದಿಯಲ್ಲೇ ಮೆರವಣಿಗೆ ಹೋದರು. ನನಗೆ ಮೈಯೆಲ್ಲ ಉರಿಯಿತು. ಅವತ್ತೇ ಸೆರಗು ಸಿಕ್ಕಿಸಿಕೊಂಡು ಮನೆಮನೆಗೆ ಹೊರಟೆ.

ನನಗೆ ಬರೀ ಕೋಟೆಯವರ ಮೇಲಿನ ಹಟ ಮಾತ್ರ ಇತ್ತು ಎಂದುಕೊಳ್ಳಬೇಡಿ. ಚಿಕ್ಕತಾಯಿ ಇದ್ದಳು. ನಮ್ಮ ಹಿಂದಿನ ಬೀದಿಯ ಗಾರ್ಮೆಂಟ್ಸಿನಲ್ಲಿ ಶರ್ಟಿನ ಕಾಲರ್ ಹೊಲಿಯುವ ಹುಡುಗಿ, ಕಲ್ಲುಗುಡ್ಡೆಯವಳು. ಮಧ್ಯಾಹ್ನ ನಮ್ಮ ಮನೆಯ ಜಗಲಿ ಮೇಲೆ ಕುಳಿತು ಬುತ್ತಿ ಬಿಚ್ಚುತ್ತಿದ್ದಳು. ನಾನು ಒಂದು ಸೌಟು ಸಾರು ಹಾಕಿದರೆ ಬೇಡ ಬೇಡ ಎಂದು ಎರಡು ಸೌಟು ಹಾಕಿಸಿಕೊಳ್ಳುತ್ತಿದ್ದಳು. ಅವಳಿಗೊಂದು ಹೆಣ್ಣುಮಗು, ಇನ್ನೂ ತೆವಳುವ ವಯಸ್ಸು. ಇವಳು ಹೊರಡುವಾಗ ಮಗು ನಿದ್ದೆಯಲ್ಲಿರುತ್ತದೆ, ಮನೆ ಸೇರುವ ಹೊತ್ತಿಗೆ ಮತ್ತೆ ನಿದ್ದೆಗೆ ಬಿದ್ದಿರುತ್ತದೆ.

“ಈ ಸಲ ಇನ್ನೂ ದೂರ ಆಗೋಯ್ತು ಅಕ್ಕ,” ಎಂದಳು ಒಂದು ದಿನ. “ದೀಪಾವಳಿ ಹೊತ್ತಿಗೆ ಬಸ್ ಬರ್ಲಿಲ್ಲ ಅಂದ್ರೆ ಫ್ಯಾಕ್ಟ್ರಿ ಹಾಸ್ಟೆಲ್ ಸೇರ್ಕೋತೀನಿ. ನಮ್ಗೆ ಭಾನುವಾರನೂ ರಜಾ ಇಲ್ಲ, ಹಬ್ಬಕ್ಕೊಂದ್ಸಲ ಹೋಗಿ ಮಗೀನ ನೋಡ್ಕಂಡ್ ಬರೋದು.”

“ಕೆಲಸ ಬಿಟ್ಟುಬಿಡೇ.”

“ಬಿಟ್ರೆ ಮಗೀಗೆ ಹಾಲಿಗೆ ಏನ್ ಮಾಡ್ಲಿ?”

ಬಸ್ಸು ತರಿಸುತ್ತೇನೆ, ನೋಡುತ್ತಿರು ಎಂದು ಮಾತು ಕೊಟ್ಟೆ. ಪೇಟೆ ಅಂಬುಜಮ್ಮನ ಮಾತು ಎಂದರೆ ಅದಕ್ಕೊಂದು ತೂಕ ಇದೆ.

ಮೊದಲು ಹೋದದ್ದು ಮೂಡ್ಲಪ್ಪ ತಾತನ ಮನೆಗೆ. ನಮ್ಮ ಬೀದಿಗೆಲ್ಲ ಹಿರಿಯರು, ಹಲ್ಲಿಲ್ಲದಿದ್ದರೂ ನಗುವುದರಲ್ಲಿ ಎತ್ತಿದ ಕೈ. ಹಿರಿಯರು ಮೊದಲು ಸುರಿದರೆ ಉಳಿದವರು ಹಿಂದೆ ಬರುತ್ತಾರೆ ಎಂದು ನನ್ನ ಎಣಿಕೆ. ತಾತ ಹೊಸ್ತಿಲ ಮೇಲೆ ನಿಂತು ಚೊಂಬು ಎತ್ತಿ, “ಸ್ಮಶಾನ, ಬಿಟ್ಟೆ!” ಎಂದು ಸುರಿದೇಬಿಟ್ಟರು. “ಅದೇನು ನನಗೆ ಹತ್ತಿರ ಇರಬೇಕೇನಮ್ಮ? ಎಷ್ಟು ದೂರ ಹೋದ್ರೆ ಅಷ್ಟು ಒಳ್ಳೇದು.” ಬೀದಿಗೆ ಬೀದಿಯೇ ಬಿದ್ದು ಬಿದ್ದು ನಕ್ಕಿತು. ನಕ್ಕವರಿಗೆಲ್ಲ ಅದೇ ಸರಿ ಅನಿಸಿತು. ಸಿನಿಮಾ ಟಾಕೀಸು ಬಿಡಲು ಮನಸ್ಸಿಲ್ಲ, ಹೋಟೆಲು ಬಿಡಲು ಮನಸ್ಸಿಲ್ಲ, ಸ್ಮಶಾನ ಬಿಡಲು ಯಾರಿಗೇನು ನಷ್ಟ? ಸಂಜೆಯೊಳಗೆ ಇಡೀ ವಾರ್ಡು ಸ್ಮಶಾನ ಬಿಟ್ಟಾಗಿತ್ತು. ಜನ ಇಷ್ಟು ಒಗ್ಗಟ್ಟಾಗಿ ಒಂದು ಕೆಲಸ ಮಾಡಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಸದಸ್ಯೆಯಾದವಳು ಜನರಿಂದ ಹಿಂದೆ ಬೀಳಬಾರದಲ್ಲ, ನಾನೂ ಅದನ್ನೇ ಸುರಿದೆ.

ಸುರಿಯದೆ ಉಳಿದವಳು ಎದುರು ಮನೆಯ ಗುರುಸಿದ್ದಮ್ಮ ಒಬ್ಬಳೇ. ಒಂದೇ ವರ್ಷ ಒಂದೇ ಬೀದಿಗೆ ಸೊಸೆಯರಾಗಿ ಬಂದವರು ನಾವಿಬ್ಬರು. ಅತ್ತೆಯರ ಮೇಲಿನ ದೂರನ್ನು ಹಂಚಿಕೊಂಡೆವು, ಗಂಡಂದಿರು ತೀರಿಕೊಂಡಾಗ ಒಬ್ಬರ ಮನೆಯಲ್ಲಿ ಇನ್ನೊಬ್ಬರು ಮಲಗಿದೆವು, ಜಗಳವಿಲ್ಲದ ದಿನ ಇಬ್ಬರಿಗೂ ಊಟ ಸೇರುತ್ತಿರಲಿಲ್ಲ. ಅವಳ ಮನೆಗೆ ಹೋಗುವುದಕ್ಕೆ ನಾನು ಚಪ್ಪಲಿ ಹಾಕಿಕೊಂಡದ್ದೇ ಇಲ್ಲ.

“ಬೇಡದ್ದನ್ನ ಕೊಟ್ರೆ ಕೊಟ್ಟಂಗಾಯ್ತೇನೇ?” ಎಂದಳು ಅವಳು.

“ಹನಿಗೂಡಿದ್ರೆ ಹಳ್ಳ ಕಣೇ. ನೀನು ಒಂದು ಚೊಂಬು ಸುರಿ, ಬಾಯಿ ಮುಚ್ಕೊಂಡಿರು.”

“ಮೋರಿ ನೀರು ಎಷ್ಟು ಗೂಡಿದ್ರೂ ಮೋರಿನೇ,” ಎಂದು ಬಾಗಿಲು ಹಾಕಿಕೊಂಡಳು.

ಪ್ರಯೋಗದ ಓಡಾಟದ ದಿನ ನಾನು ರೇಷ್ಮೆ ಸೀರೆ ಉಟ್ಟು, ಬಸ್ಸಿನ ಮುಂದಿನ ಸೀಟಿನಲ್ಲಿ ಕುಳಿತಿದ್ದೆ. ಪಕ್ಕದಲ್ಲಿ ಮಂಡಳಿಯ ಇಂಜಿನಿಯರ್ ತಿಪ್ಪೇಸ್ವಾಮಿ. ಕೆರೆ ಏರಿ ದಾಟುವವರೆಗೆ ಬಸ್ಸು ಜುಮ್ಮೆಂದು ಹೋಯಿತು. ಅಷ್ಟು ದೂರಕ್ಕೆ ಕೋಟೆಯವರು ಕೊಟ್ಟ ಹತ್ತಿರ ಸಾಕಾಗಿತ್ತು. ಆಮೇಲೆ ಕಲ್ಲುಗುಡ್ಡೆಯ ನೀರಿನ ಟ್ಯಾಂಕು ಕಾಣಿಸಿತು. ಕಾಣಿಸಿತು, ಕಾಣಿಸುತ್ತಲೇ ಇತ್ತು. ಚಕ್ರ ತಿರುಗುತ್ತಿದೆ, ಧೂಳು ಏಳುತ್ತಿದೆ, ಟ್ಯಾಂಕು ಮಾತ್ರ ಒಂದು ಗುಲಗಂಜಿಯಷ್ಟೂ ದೊಡ್ಡದಾಗಲಿಲ್ಲ. ಕೊನೆಗೆ ಡ್ರೈವರ್ ಡೀಸೆಲ್ ಸಾಲದೆಂದು ಗಾಡಿ ತಿರುಗಿಸಿದ.

“ಮೇಡಂ, ನಿಮ್ಮ ವಾರ್ಡಿಂದ ಬಂದಿರೋದು ಬರೀ ಜೊಳ್ಳು,” ಎಂದರು ತಿಪ್ಪೇಸ್ವಾಮಿ. “ನಡೆದು ನಡೆದು ಸವೆದಿರೋ ಹತ್ತಿರಕ್ಕೇ ತೂಕ ಬರೋದು. ದಿನಾ ಕಾಲಿಡೋ ಜಾಗ ಕೊಡಬೇಕಿತ್ತು.”

“ದಾನಕ್ಕೆ ಕೊಟ್ಟ ಹಸುವಿನ ಹಲ್ಲು ಎಣಿಸಿದ್ರಂತೆ,” ಎಂದು ನಾನು ರೇಗಿದೆ. ಆದರೆ ಬಸ್ಸು ಇಳಿಯುವಾಗ ಕೋಟೆಯವರು ಸ್ಟ್ಯಾಂಡಿನಲ್ಲಿ ಸಾಲಾಗಿ ನಿಂತು ಕಿಸಕ್ಕೆನ್ನುತ್ತಿದ್ದರು. ಸೀರೆಯ ಸೆರಗನ್ನು ಹೊದ್ದುಕೊಂಡು ಮನೆಗೆ ಬಂದೆ.

ಆಗಿದ್ದು ಅಷ್ಟಕ್ಕೇ ಮುಗಿದಿದ್ದರೆ ನಾವು ಹಟ ಹಿಡಿದು ಸುಮ್ಮನಾಗುತ್ತಿದ್ದೆವೇನೋ. ಮೂಡ್ಲಪ್ಪ ತಾತ ತೀರಿಕೊಂಡರು. ಊಟ ಮಾಡಿ, ಒಂದು ಚಟಾಕಿ ಹಾರಿಸಿ, ಗೋಡೆಗೆ ಒರಗಿದವರು ಏಳಲಿಲ್ಲ. ಒಳ್ಳೆಯ ಸಾವು ಎಂದರು ಎಲ್ಲರೂ. ಚಟ್ಟ ಕಟ್ಟುವಾಗ ಯಾರೋ ಮೆಲ್ಲಗೆ, “ಸ್ಮಶಾನ...” ಎಂದರು. ಅಲ್ಲಿದ್ದವರ ಮುಖಗಳೆಲ್ಲ ಒಂದೇ ಸಲ ಬಿಳಿಚಿಕೊಂಡವು.

ಬೆಳಗ್ಗೆ ಎತ್ತಿದ ಹೆಣ. ಮುಂದೆ ಮಡಕೆಯಲ್ಲಿ ಬೆಂಕಿ ಹಿಡಿದು ತಾತನ ಮಗ ಗಿರಿಯಪ್ಪ. ಹೆಂಗಸರು ಬರಬಾರದು ಎಂದರು. ನಾನು ಬರುತ್ತಿರುವುದು ಸದಸ್ಯೆಯಾಗಿ ಎಂದು ಹೊರಟೆ. ನಮ್ಮ ಪೇಟೆಯವರು ನಡೆದು ಗೊತ್ತಿರುವವರಲ್ಲ, ಎಲ್ಲವೂ ಬಾಗಿಲ ಮುಂದೇ ಇದ್ದು ಬೆಳೆದವರು. ಹೆಗಲು ಬದಲಾಯಿಸಿ ಬದಲಾಯಿಸಿ ಹೆಗಲೇ ಉಳಿಯಲಿಲ್ಲ. ಕೆರೆ ಏರಿ ದಾಟಿತು, ಬಯಲು ದಾಟಿತು, ಹೊತ್ತು ಇಳಿಯಿತು. ಸ್ಮಶಾನದ ಆಲದ ಮರ ದೂರದಲ್ಲಿ ಕೊತ್ತಂಬರಿ ಕಟ್ಟಿನಷ್ಟು ಕಾಣುತ್ತಿತ್ತು, ಅಷ್ಟೇ. ಗಿರಿಯಪ್ಪನ ಮಡಕೆಯ ಬೆಂಕಿ ಆರುತ್ತ ಬಂದಿತ್ತು, ಅವನು ದಾರಿಯಲ್ಲಿ ಸಿಕ್ಕ ಒಣಕಡ್ಡಿ, ಪುರಲೆ ಹಾಕಿ ಹಾಕಿ ಊದುತ್ತಿದ್ದ. ಅವನ ಕಣ್ಣೀರು ಹೊಗೆಗೋ ದುಃಖಕ್ಕೋ ನನಗೆ ತಿಳಿಯಲಿಲ್ಲ. ಕಲ್ಲುಗುಡ್ಡೆಯ ಮೊದಲ ಮನೆಗಳ ಹತ್ತಿರ ಹೆಣವನ್ನು ಇಳಿಸಿ ಎಲ್ಲರೂ ಕುಸಿದು ಕುಳಿತೆವು.

ಹಿಂದಿನಿಂದ ಯಾರೋ ಓಡಿ ಬಂದರು. ನೋಡಿದರೆ ಚಿಕ್ಕತಾಯಿ, ಕೆಲಸ ಮುಗಿಸಿ ಬರುತ್ತಿದ್ದಳು. ನಮಗಿಂತ ಎಷ್ಟೋ ಹೊತ್ತು ಆಮೇಲೆ ಹೊರಟವಳು ನಮ್ಮನ್ನು ಹಿಡಿದಿದ್ದಳು.

“ಯಾಕಕ್ಕ ಇಲ್ಲಿ ಇಳ್ಸಿದ್ದೀರಿ?”

“ಸ್ಮಶಾನ ಬರ್ತಾ ಇಲ್ಲ ಕಣೇ,” ಎಂದೆ.

ಅವಳು ಆಶ್ಚರ್ಯದಿಂದ ಮುಂದೆ ನೋಡಿದಳು. “ಇಲ್ಲೇ ಐತಲ್ಲಕ್ಕ. ನಮ್ಮ ಹಿತ್ತಲ ಹಿಂದೆನೇ.”

ಅವಳಿಗೆ ಅದು ಹಿತ್ತಲ ಹಿಂದೆಯೇ. ಬಿಟ್ಟವರು ನಾವು, ಅವರಲ್ಲ. ಅವಳು ಬುತ್ತಿ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ಕೂಗಿ ತನ್ನ ಮಾವ ಕರಿಯಣ್ಣನನ್ನೂ ಅಕ್ಕಪಕ್ಕದವರನ್ನೂ ಕರೆದಳು. ಗಾರೆ ಮೆತ್ತಿದ ಕೈಗಳಲ್ಲೇ ಬಂದರು. ಯಾರ ಹೆಣ, ಯಾವ ಜನ ಎಂದು ಒಬ್ಬರೂ ಕೇಳಲಿಲ್ಲ. ಕರಿಯಣ್ಣ ಗಿರಿಯಪ್ಪನ ಕೈಯಿಂದ ಬೆಂಕಿ ಮಡಕೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ.

“ನೀವು ಬರಾಕಾಗಕಿಲ್ಲ ಸ್ವಾಮಿ. ನಿಮ್ಮಪ್ಪನ್ನ ನಮ್ಮಪ್ಪ ಅನ್ಕಂಡು ಕೊಳ್ಳಿ ಮಡಗ್ತೀನಿ. ಹೂಂ ಅಂತೀರಾ?”

ಗಿರಿಯಪ್ಪ ಹೂಂ ಎಂದ. ಅಪ್ಪನಿಗೆ ಕೊಳ್ಳಿ ಇಡಲಾಗದ ಮಗ ಇನ್ನೇನು ಹೇಳಿಯಾನು? ಅವರು ಹೆಣ ಎತ್ತಿದರು. ನಾವು ನೋಡನೋಡುತ್ತಲೇ ಆ ದೂರದ ಮರದ ಬುಡದಲ್ಲಿ ಇರುವೆಗಳಂತೆ ಕಾಣಿಸಿಕೊಂಡರು. ಸ್ವಲ್ಪ ಹೊತ್ತಿಗೆ ಹೊಗೆ ಎದ್ದಿತು. ಪೇಟೆಯ ಗಂಡಸರೆಲ್ಲ ಬಯಲಿನಲ್ಲಿ ನಿಂತು ಆ ಹೊಗೆಗೆ ಕೈ ಮುಗಿದರು.

ಚಿಕ್ಕತಾಯಿ ನಮಗೆಲ್ಲ ನೀರು, ಬೆಲ್ಲ ತಂದುಕೊಟ್ಟಳು. ಅವಳ ಅತ್ತೆ ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಬಂದರು. ಗದ್ದಲಕ್ಕೆ ಅವತ್ತು ಮಗು ಎದ್ದಿತ್ತು. ಚಿಕ್ಕತಾಯಿ ಕೈ ಒರೆಸಿಕೊಂಡು, “ಬಾ ಚಿನ್ನಾ” ಎಂದು ಕೈ ಚಾಚಿದಳು. ಮಗು ಅವಳನ್ನು ನೋಡಿತು. ನೋಡಿ, ಕಿಟಾರನೆ ಚೀರಿ ಅಜ್ಜಿಯ ಕುತ್ತಿಗೆಗೆ ಮುಖ ಹುದುಗಿಸಿತು. ಚಿಕ್ಕತಾಯಿ ಚಾಚಿದ ಕೈಯನ್ನು ಹಾಗೇ ತಲೆಗೆ ತಂದು ಕೂದಲು ಸರಿಮಾಡಿಕೊಂಡಳು. “ಹೊಸಬ್ರು ಕಂಡ್ರೆ ಅಳ್ತದೆ,” ಎಂದಳು ನನಗೆ.

ತಿಥಿಯ ಊಟ ಮುಗಿದ ದಿನ ಬೀದಿಯವರನ್ನೆಲ್ಲ ನನ್ನ ಜಗಲಿಗೆ ಸೇರಿಸಿದೆ. ಭಾಷಣ ಮಾಡುವುದು ನನಗೆ ಹೊಸದೇನಲ್ಲ. “ನಮ್ಮ ಹೆಣಕ್ಕೆ ಹೆಗಲು ಕೊಟ್ಟವರ ಋಣ ಹೊತ್ಕೊಂಡು ಪೇಟೆಯವರು ಯಾವ ಮುಖದಲ್ಲಿ ಬದುಕೋದ್ರಪ್ಪಾ? ಕೋಟೆಯವರು ನಗ್ತಾರೆ ಅನ್ನೋದು ಬಿಡಿ. ನಾವು ನಾವೇ ಮುಖ ನೋಡ್ಕೊಳೋದು ಹೇಗೆ?”

ಗಿರಿಯಪ್ಪ ಎದ್ದ. ಬೋಳಿಸಿದ ತಲೆ, ಬಾಡಿದ ಮುಖ. “ನನ್ನ ಅಂಗಡಿ,” ಎಂದ. “ಅಪ್ಪನ ಕೈ ಹಿಡ್ಕೊಂಡು ಹೋಗೋಕೆ ಶುರು ಮಾಡಿದ್ದು, ಇವತ್ತಿನವರೆಗೂ ದಿನಾ ನಡೆದಿದ್ದೀನಿ. ನಾಳೆ ಸುರೀತೀನಿ. ಇನ್ನು ಮೇಲೆ ನಾನೂ ಕೋಳಿ ಕೂಗೋ ಮುಂಚೆ ಏಳ್ತೀನಿ.”

ಆಮೇಲೆ ಜಗಲಿಯ ಮೇಲೆ ನಡೆದದ್ದನ್ನು ನೆನೆದರೆ ಈಗಲೂ ಎದೆ ಉಬ್ಬುತ್ತದೆ. ಒಬ್ಬ ಟಾಕೀಸು ಬಿಟ್ಟ, ವಾರಕ್ಕೊಂದು ಸಿನಿಮಾ ತಪ್ಪಿಸದವನು. ಬೆಳಗ್ಗೆ ಎದ್ದರೆ ಹೋಟೆಲ್ ಕಾಫಿಯೇ ಆಗಬೇಕೆನ್ನುತ್ತಿದ್ದ ಮುದುಕರೊಬ್ಬರು ಹೋಟೆಲು ಬಿಟ್ಟರು. ಅವರ ಹೆಂಡತಿ, “ಇನ್ನು ನಾನು ಮಾಡಿದ ಕಾಫಿ ಕುಡೀಬೇಕು, ಅದೇ ದೊಡ್ಡ ತ್ಯಾಗ,” ಎಂದಾಗ ತಿಥಿಯ ದಿನವೆಂದೂ ನೋಡದೆ ಜನ ನಕ್ಕರು. ಒಬ್ಬಳು ದಿನವೂ ಪ್ರದಕ್ಷಿಣೆ ಹಾಕುವ ದೇವಸ್ಥಾನ ಬಿಟ್ಟಳು. ಜನ ನಾನು ತಾನು ಎಂದು ಏಳುತ್ತಿದ್ದರು. ಇವರೇನಾ ಸ್ಮಶಾನ ಸುರಿದ ಜನ ಎಂದು ಬೆರಗಾದೆ.

ಕೊನೆಗೆ ಎಲ್ಲರೂ ನನ್ನ ಕಡೆ ನೋಡಿದರು. ನಾನು ಯೋಚಿಸಿದೆ. ಮುನಿಸಿಪಾಲಿಟಿಗೆ ಆಟೋದಲ್ಲಿ ಹೋಗುವವಳು. ತರಕಾರಿ ಬಾಗಿಲಿಗೇ ಬರುತ್ತದೆ. ನನ್ನ ಕಾಲು ಸವೆಸಿದ ದಾರಿ ಯಾವುದು?

“ನಂಗೊತ್ತು,” ಎಂದಳು ಗುರುಸಿದ್ದಮ್ಮ. ಅವಳು ಜಗಲಿಯ ಮೂಲೆಯಲ್ಲಿ ಕಾಲು ಚಾಚಿ ಕುಳಿತಿದ್ದಳು. “ನಮ್ಮನೆ ಮೆಟ್ಟಿಲು ಗುಳಿ ಬಿದ್ದಿರೋದು ಯಾರ ಪಾದದಿಂದ? ನಿನ್ನ ಮನೆ ಹೊಸ್ತಿಲು ತಗ್ಗಾಗಿರೋದು ಯಾರಿಂದ? ಅದನ್ನ ಕೊಡೋಣ. ನೀನು ನಮ್ಮನೆ ಬಿಡು, ನಾನು ನಿಮ್ಮನೆ ಬಿಡ್ತೀನಿ.”

“ತಲೆ ಕೆಟ್ಟಿದೆಯೇನೇ ನಿನಗೆ!” ನನಗೆ ಸಿಟ್ಟು ನೆತ್ತಿಗೇರಿತು. “ಬೇರೆ ಏನಾದ್ರೂ ಹೇಳು. ನಾನು ಒಲ್ಲೆ.”

“ಬೇರೆ ಏನಿದೆ ಹೇಳು ನೋಡೋಣ. ನಂಗೂ ಇಲ್ಲ, ನಿಂಗೂ ಇಲ್ಲ.”

“ಮೈ ಹುಷಾರಿಲ್ಲ ಅಂದ್ರೆ ಯಾರೇ ನಿನಗೆ ಗಂಜಿ ಕೊಡೋರು?”

“ಬೀದಿ ತುಂಬ ಜನ ಇದ್ದಾರೆ, ಅವರ ಕೈ ಬಿದ್ದು ಹೋಗಿದೆಯಾ?” ಎಂದಳು. ಆಮೇಲೆ ದನಿ ತಗ್ಗಿಸಿ, “ಆ ಮಗು ಚೀರಿಕೊಂಡಿದ್ದನ್ನ ಹೇಳಿ ನನ್ನ ತೊಡೆ ಮೇಲೆ ತಲೆ ಇಟ್ಟು ಅತ್ತವಳು ನೀನೇ ತಾನೆ? ನಾವಿಬ್ರೂ ಒಬ್ಬರನ್ನೊಬ್ಬರು ಸಾಕಷ್ಟು ನೋಡಿಯಾಯ್ತು ಕಣೇ. ಅವಳು ಇನ್ನೂ ಮಗೂನ ನೋಡೇ ಇಲ್ಲ,” ಎಂದಳು.

ಮಾರನೆಯ ಬೆಳಗ್ಗೆ ಅವಳು ಅವಳ ಹೊಸ್ತಿಲ ಮೇಲೆ, ನಾನು ನನ್ನ ಹೊಸ್ತಿಲ ಮೇಲೆ. ಇಬ್ಬರ ಕೈಯಲ್ಲೂ ಚೊಂಬು. ಅವಳು ಮುಖ ಗಂಟಿಕ್ಕಿಕೊಂಡು, “ಅಂಬುಜಿ ಮನೆ, ಬಿಟ್ಟೆ,” ಎಂದಳು. ನಾನೂ ಅವಳ ಮನೆಯ ಹೆಸರು ಹೇಳಿ, ‘ಬಿಟ್ಟೆ’ ಎಂದೆ. ಸುರಿದ ನೀರು ಎರಡು ಕಡೆಯಿಂದಲೂ ಹರಿದು ಬೀದಿಯ ನಡುವೆ ಕೂಡಿತು.

ಆ ಮುಂದಿನ ದಿನ ಬಾಗಿಲು ತೆಗೆದರೆ ಅವಳ ಮನೆ ಬೆಂಕಿಪೆಟ್ಟಿಗೆಯಷ್ಟು ಚಿಕ್ಕದಾಗಿ, ಉದ್ದ ದಾರಿಯೊಂದರ ಆ ತುದಿಯಲ್ಲಿತ್ತು. ಉಳಿದವರಿಗೆ ಬೀದಿ ಇದ್ದ ಹಾಗೇ ಇತ್ತು. ಹಾಲಿನವನು ನನ್ನ ಮನೆಗೆ ಹಾಲು ಹಾಕಿ ಹಾಗೇ ತಿರುಗಿ ಅವಳ ಮನೆಯ ಚಿಲಕ ಬಡಿದ. ನಾನು ಒಳಗೆ ಹೋಗಿ ಒಲೆಯ ಮುಂದೆ ಕುಳಿತು ಅತ್ತೆ. ಅಳು ಬಂದರೂ ತಲೆ ತಗ್ಗಲಿಲ್ಲ ಎನ್ನುವುದನ್ನೂ ಹೇಳಬೇಕು.

ದೀಪಾವಳಿಗೆ ಮೊದಲೇ ಬಸ್ಸು ಹೊರಟಿತು. ಈ ಸಲ ನಾನು ಹಿಂದಿನ ಸೀಟಿನಲ್ಲಿ ಕುಳಿತೆ. ಮುಂದಿನ ಸೀಟುಗಳಲ್ಲಿ ಗಾರ್ಮೆಂಟ್ಸಿನ ಹೆಣ್ಣುಮಕ್ಕಳು ತುಂಬಿದ್ದರು. ಕೆರೆ ಏರಿ ದಾಟಿತು. ಟ್ಯಾಂಕು ಕಾಣಿಸಿತು, ಕುಂಬಳಕಾಯಿಯಷ್ಟಾಯಿತು, ಮನೆಯಷ್ಟಾಯಿತು, ನೋಡಿದರೆ ತಲೆಯ ಮೇಲೇ ಇತ್ತು. ಹೆಣ್ಣುಮಕ್ಕಳು ಕೇಕೆ ಹಾಕಿದರು. ತಿಪ್ಪೇಸ್ವಾಮಿ ಎದ್ದು ನಿಂತು ನನಗೆ ಕೈ ಮುಗಿದರು. “ಮೇಡಂ, ಇದು ಕೋಟೆಯವರು ಕೊಟ್ಟಿದ್ದಕ್ಕಿಂತ ಭಾರ ಇದೆ,” ಎಂದರು. ಕೋಟೆಯವರು ಕೇಳಿಸಿಕೊಳ್ಳಲು ಅಲ್ಲಿ ಇರಲಿಲ್ಲವಲ್ಲ ಎಂಬ ಕೊರಗು ನನಗೆ ಇವತ್ತಿಗೂ ಇದೆ.

ಹೊತ್ತು ಮುಳುಗುವುದಕ್ಕೆ ಇನ್ನೂ ಸಮಯವಿತ್ತು. ಚಿಕ್ಕತಾಯಿ ಇಳಿದು ಮನೆಗೆ ಓಡಿದಳು. ಮಗು ಅವತ್ತೂ ಅಜ್ಜಿಯ ಕುತ್ತಿಗೆಗೇ ಅಂಟಿಕೊಂಡಿತು. ಮಾರನೆಯ ದಿನವೂ ಬರಲಿಲ್ಲವಂತೆ. ಆಮೇಲೊಂದು ಮಧ್ಯಾಹ್ನ ಅವಳು ನನ್ನ ಜಗಲಿಗೆ ಬಂದು, ಬುತ್ತಿ ಬಿಚ್ಚದೆ, ಸೆರಗಿನ ಮೇಲಿದ್ದ ಒಂದು ಕಲೆಯನ್ನು ತೋರಿಸಿದಳು. “ಅನ್ನ ತಿನ್ಸಿದೆ ಅಕ್ಕ. ಸಾರಿನ ಕೈ ನನ್ ಮೇಲೇ ಒರೆಸ್ತು,” ಎಂದು ನಕ್ಕಳು. ಹಾಸ್ಟೆಲ್ಲಿನ ಮಾತು ಮತ್ತೆ ಅವಳ ಬಾಯಲ್ಲಿ ಬರಲಿಲ್ಲ. ನಾನು ಮಾಡಿದ ಪಲ್ಯವನ್ನು ಗುರುಸಿದ್ದಮ್ಮನಿಗೆ ತಲುಪಿಸುವುದು ಈಗ ಅವಳೇ. ಅವಳಿಗೆ ಅದು ಎದುರು ಮನೆಯಲ್ಲವೇ. ಖಾಲಿ ಬಟ್ಟಲಿನ ಜೊತೆ, ‘ಉಪ್ಪು ಜಾಸ್ತಿಯಾಗಿದೆ ಅಂತ ಹೇಳು’ ಎನ್ನುವ ಬೈಗುಳವನ್ನೂ ತಪ್ಪದೆ ತರುತ್ತಾಳೆ.

ಸಂಕ್ರಾಂತಿಯ ದಿನ ನನಗೆ ತಡೆಯಲಾಗಲಿಲ್ಲ. ಎಳ್ಳುಬೆಲ್ಲವನ್ನು ಇನ್ನೊಬ್ಬರ ಕೈಯಲ್ಲಿ ಕಳಿಸುವುದುಂಟೇ? ಬೆಳಗ್ಗೆ ಸ್ನಾನ ಮಾಡಿ, ಚಪ್ಪಲಿ ಮೆಟ್ಟಿ, ತಟ್ಟೆ ಹಿಡಿದು ಅವಳ ಮನೆಯತ್ತ ಹೊರಟೆ. ಸ್ವಲ್ಪ ದೂರ ನಡೆದು ಕತ್ತೆತ್ತಿದರೆ, ಆ ತುದಿಯಿಂದ ಒಂದು ಹಸಿರು ಸೀರೆ ಕದಲಿತು. ಅವಳೂ ತಟ್ಟೆ ಹಿಡಿದು ಹೊರಟಿದ್ದಳು. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಬೀದಿಯ ನಟ್ಟನಡುವೆ ಸಿಕ್ಕೆವು. ಇಬ್ಬರಿಗೂ ಏದುಸಿರು.

“ಈ ಬಿಸಿಲಲ್ಲಿ ಬರೋಕೆ ನಿನಗೇನು ಬುದ್ಧಿ ಇಲ್ವಾ?” ಎಂದಳು.

“ನಿನಗಿದೆಯಾ?” ಎಂದೆ.

ಅಲ್ಲೇ ನೆಲದ ಮೇಲೆ ಕುಳಿತು ಎಳ್ಳು ಹಂಚಿಕೊಂಡೆವು. ಜನ ನಮ್ಮ ಆಚೀಚೆಯಿಂದ ಒಂದೇ ಉಸಿರಿಗೆ ಬೀದಿ ದಾಟುತ್ತಿದ್ದರು. ಸ್ಕೂಟರಿನವನೊಬ್ಬ ಹಾರ್ನ್ ಹೊಡೆದು ಸುತ್ತು ಹಾಕಿಕೊಂಡು ಹೋದ. ಅಷ್ಟರಲ್ಲಿ ಬೀದಿಯ ಕೊನೆಯಲ್ಲಿ ಕಲ್ಲುಗುಡ್ಡೆಯ ಬಸ್ಸು ಬಂತು. ಹಬ್ಬದ ಜನ, ಬಾಗಿಲವರೆಗೂ ತುಂಬಿತ್ತು. ಕಿಟಕಿಯೊಂದರಲ್ಲಿ ಚಿಕ್ಕತಾಯಿ ಕುಳಿತಿದ್ದಳು. ಅವಳ ತೊಡೆಯ ಮೇಲೆ ನಿಂತ ಮಗು, ಅಮ್ಮನ ಕೂದಲನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಊರು ನೋಡುತ್ತಿತ್ತು.

“ನೋಡೇ, ನಮ್ಮ ಬಸ್ಸು,” ಎಂದಳು ಗುರುಸಿದ್ದಮ್ಮ.

ಇಬ್ಬರೂ ಮಂಡಿ ಹಿಡಿದುಕೊಂಡು ಎದ್ದು ನಿಂತೆವು. ಅದು ಹೋಗುವವರೆಗೂ ನಿಂತೇ ಇದ್ದೆವು.